ಬೈಗಿನ ಬೆಟ್ಟವೂ ರೂಪಾರ್ಪಿತವೂ

ಉಣ್ಣುವ ಅನ್ನವನ್ನು ಲಿಂಗಕ್ಕೆ ಅರ್ಪಿಸಿ ಉಣ್ಣುತ್ತೇವೆ. ಕುಡಿಯುವ ನೀರನ್ನು ಅರ್ಪಿಸಿ ಕುಡಿಯುತ್ತೇವೆ. ಇವು ಕೈಗೆ ಸಿಕ್ಕುವ ಪದಾರ್ಥಗಳಾದುದರಿಂದ ಅರ್ಪಿಸುವ ಕ್ರಮದಲ್ಲಿ ನಮಗೆ ಸಂದೇಹ ಹುಟ್ಟುವುದಿಲ್ಲ. ಆದರೆ ಕಣ್ಣು ಉಣ್ಣುವ ಉಣಿಸಿನ ಸಂಗತಿ ಹೇಗೆ? ಹದಿನಾಲ್ಕು ಸಾವಿರ ಅಡಿಗೂ ಮಿಗಿಲಾದ ಒಂದು ಹಿಮಪರ್ವತವು ಸಂಜೆಯ ಬಿಸಿಲಿನಲ್ಲಿ ಕೆಂಡದಂತೆ ಹೊಳೆಯುತ್ತಿರುವಾಗ, ಅದನ್ನು ಕಂಡು ಮೈಮರೆತ ಭಕ್ತನು ಯಾವುದನ್ನು ಎತ್ತಿ ಯಾರ ಮುಂದೆ ಹಿಡಿಯತಕ್ಕದ್ದು? ಹಿಡಿಯದೆ ಸುಮ್ಮನೆ ನೋಡಿ ಸುಖಿಸಿದರೆ ಅದು ಅನರ್ಪಿತವಾದ ಭೋಗವಾಯಿತೆ? ಈ ಪ್ರಶ್ನೆ ನನ್ನದಲ್ಲ. ಇದನ್ನು ನನ್ನ ಮುಂದಿಟ್ಟವನು ನಮ್ಮ ಮಠದ ಶಾಲೆಯಲ್ಲಿ ಓದಿ, ಈಗ ಅಮೇರಿಕೆಯ ವಾಷಿಂಗ್ಟನ್ ರಾಜ್ಯದಲ್ಲಿ ಉದ್ಯೋಗದಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ.

ಕಳೆದ ಮಾಘದಲ್ಲಿ ಆತ ಊರಿಗೆ ಬಂದಿದ್ದನು. ಒಂದು ಸಂಜೆ ಇಬ್ಬರೂ ಹನುಮನಹಳ್ಳಿಯ ಹೊರಗೆ ನಡೆದುಹೋಗುತ್ತಿದ್ದೆವು. ಆ ಸೀಮೆಯನ್ನು ಕಂಡವರಿಗೆ ವರ್ಣನೆ ಬೇಡ. ಕಾಣದವರಿಗಾಗಿ ಎರಡು ಮಾತು ಹೇಳುತ್ತೇನೆ. ಅದು ತುಂಗಭದ್ರೆಯ ಉತ್ತರದ ದಂಡೆ. ಹತ್ತಿರದಲ್ಲಿಯೇ ಆನೆಗೊಂದಿ, ಹೊಳೆಯಾಚೆ ಹಂಪೆ. ಭತ್ತದ ಗದ್ದೆ, ಬಾಳೆಯ ತೋಟ. ಆ ಹಸುರಿನೊಳಗಿಂದಲೇ ಥಟ್ಟನೆ ಎದ್ದುನಿಂತ ಕಲ್ಲುಗುಡ್ಡಗಳು, ಯಾರೋ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಹೋದಂತೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿ ಸೂರ್ಯಾಸ್ತವನ್ನು ನೋಡುವುದಕ್ಕಾಗಿ ದೂರದೂರದಿಂದ ಜನರು ಬರುತ್ತಾರೆ. ಬರಲಿ, ಸಂತೋಷ. ಆದರೆ ಈ ಸೀಮೆಯ ಬೈಗನ್ನು ನೋಡತಕ್ಕ ಕ್ರಮ ಬೇರೆಯೆಂದು ನನ್ನ ಅಭಿಪ್ರಾಯ. ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು. ಎದುರಿನ ಗುಡ್ಡವನ್ನು ನೋಡಬೇಕು. ಹಗಲೆಲ್ಲ ಬೂದಿಯ ಬಣ್ಣದಲ್ಲಿದ್ದ ಕಲ್ಲು ಮೊದಲು ಜೇನಿನ ಬಣ್ಣಕ್ಕೆ ತಿರುಗಿ, ತರುವಾಯ ತಾಮ್ರವಾಗಿ, ಕಡೆಗೆ ತುದಿಯ ಒಂದೇ ಒಂದು ಗುಂಡಿನ ಮೇಲೆ ಕೆಂಪು ನಿಂತು ಆರಿಹೋಗುತ್ತದೆ. (ಬೆಟ್ಟದ ಮೇಲೆ ಬಂದವರಲ್ಲಿಯೂ ಅನೇಕರು ಸೂರ್ಯನಿಗೆ ಬೆನ್ನು ಮಾಡಿಯೇ ನಿಲ್ಲುತ್ತಾರೆ, ಅದು ಚಿತ್ರದಲ್ಲಿ ತಮ್ಮ ಮುಖವೂ ಬರಲಿ ಎಂಬ ಕಾರಣದಿಂದ.)

ಇದನ್ನು ನಾನು ಹೇಳಿದಾಗ ಹುಡುಗನು ನಕ್ಕು, “ಸರ, ನಮ್ಮ ಕಡೆನೂ ಹಿಂಗ ಬೆನ್ನು ಮಾಡೇ ನಿಲ್ಲಬೇಕ್ರಿ,” ಎಂದು ಮೊಬೈಲನ್ನು ತೆಗೆದು ಒಂದು ಚಿತ್ರವನ್ನು ತೋರಿಸಿದನು. ಅದು ರೇನಿಯರ್ ಎಂಬ ಪರ್ವತ. ಎತ್ತರ 4,392 ಮೀಟರು, ಮೈತುಂಬ ಹಿಮನದಿಗಳು. ಸಾಯಂಕಾಲ ಕಣಿವೆಯಲ್ಲಿ ದೀಪ ಹಚ್ಚಿದ ಮೇಲೆಯೂ ಅದರ ನೆತ್ತಿ ಪೂರ್ವದ ಆಕಾಶದಲ್ಲಿ ಗುಲಾಬಿಯ ಬಣ್ಣವಾಗಿ ಉರಿಯುತ್ತಿರುತ್ತದೆ. ಕಾರಣವೇನೋ ಸರಳವಾದುದೇ: ಸೂರ್ಯನು ಕೆಳಗಿಳಿದಂತೆ ಅವನ ಕಿರಣಗಳು ಗಾಳಿಯ ಪದರದಲ್ಲಿ ಬಹುದೂರ ಹಾದುಬರಬೇಕಾಗಿ ನೀಲಿಯ ಅಂಶವು ದಾರಿಯಲ್ಲಿಯೇ ಚೆದರಿ ಕೆಂಪಿನ ಅಂಶವು ಉಳಿಯುತ್ತದೆ, ಶಿಖರವು ಎತ್ತರದಲ್ಲಿರುವುದರಿಂದ ನಮಗೆ ಕತ್ತಲಾದಾಗಲೂ ಅದಕ್ಕೆ ಬೆಳಕು ತಾಗುತ್ತಿರುತ್ತದೆ. ಕಾರಣ ತಿಳಿದ ಮಾತ್ರಕ್ಕೆ ಬೆರಗು ಕಡಿಮೆಯಾಗಲಿಲ್ಲ. ಆ ಚಿಕ್ಕ ಗಾಜಿನ ಮೇಲೆಯೇ ನಾನು ಬಹಳ ಹೊತ್ತು ಕಣ್ಣಿಟ್ಟಿದ್ದೆನು. ಅಲ್ಲಿ ಮೋಡ ಹೆಚ್ಚಾದುದರಿಂದ ಬೆಟ್ಟವು ದಿನಗಟ್ಟಲೆ ಕಾಣದಿರುವುದುಂಟಂತೆ. ಕಂಡ ದಿನ ಜನರು ಒಬ್ಬರಿಗೊಬ್ಬರು “ಈಹೊತ್ತು ಬೆಟ್ಟ ಹೊರಗೆ ಬಂದಿದೆ” ಎಂದು ಹೇಳಿಕೊಳ್ಳುತ್ತಾರಂತೆ. ದರ್ಶನ ಕೊಟ್ಟಿದೆ ಎಂದು ನಾವು ಹೇಳುವಂಥದೇ ಮಾತು!

ಇನ್ನು ಅವನ ತೊಡಕನ್ನು ಹೇಳುತ್ತೇನೆ. ತಂದೆ ಲಿಂಗೈಕ್ಯರಾದ ಮೇಲೆ ತಾಯಿಯನ್ನು ತನ್ನಲ್ಲಿಗೆ ಕರೆಯಿಸಿಕೊಂಡಿದ್ದಾನೆ. ಆಕೆ ಸಂಜೆಯ ಲಿಂಗಪೂಜೆಗೆ ಕುಳಿತುಕೊಳ್ಳುವ ಕೋಣೆಯ ಕಿಟಕಿಯಲ್ಲಿ ನೆಟ್ಟಗೆ ಈ ಪರ್ವತ. ಮೊದಲ ಕೆಲವು ದಿನ ಅಂಗೈಯ ಲಿಂಗದ ಮೇಲೆ ನಿಲ್ಲಬೇಕಾದ ದೃಷ್ಟಿ ಕಿಟಕಿಗೆ ಹೋಗಹತ್ತಿತು. ಆಕೆ ಎದ್ದು ಪರದೆಯನ್ನು ಎಳೆದಳು. ಅಂದಿನಿಂದ ಸಂಜೆಯಾಯಿತೆಂದರೆ ಪರದೆ. ಇವನಾದರೋ ಆ ನೋಟಕ್ಕಾಗಿಯೇ ಆ ಮನೆಯನ್ನು ಹಿಡಿದವನು. “ಅವ್ವಾ, ಅದೂ ಶಿವನ ಸೃಷ್ಟಿನ ಅಲ್ಲೇನು?” ಎಂದರೆ, “ನಾ ಇಷ್ಟು ದೂರ ಬಂದದ್ದು ಗುಡ್ಡಾ ನೋಡಾಕಲ್ಲ, ಕೈಯಾಗಿನ ಲಿಂಗ ಎಲ್ಲಿದ್ದರೂ ನಂದೇ,” ಎಂದು ತಾಯಿಯ ಉತ್ತರ. “ಯಾರದು ಖರೆ ಸರ?” ಎಂದು ಹುಡುಗನು ಕೇಳಿದನು.

ನಾನು ಶಾಸ್ತ್ರವನ್ನು ಓದಿಸುವವನು. ಉತ್ತರ ನಾಲಗೆಯ ತುದಿಯಲ್ಲಿಯೇ ಇತ್ತು. ಮೊದಲು ಹೇಳತಕ್ಕದ್ದೇನೆಂದರೆ, ನಮ್ಮ ಮತದಲ್ಲಿ ಜಗತ್ತು ಮಿಥ್ಯೆಯಲ್ಲ. ಶಕ್ತಿವಿಶಿಷ್ಟನಾದ ಶಿವನ ವಿಲಾಸ. ಆದುದರಿಂದ ರೂಪವನ್ನು ಕಂಡು ಕಣ್ಣು ಮುಚ್ಚಿಕೊಳ್ಳಬೇಕೆಂಬ ವಿಧಿ ನಮಗಿಲ್ಲ. ಅಕ್ಕಮಹಾದೇವಿ ಅರಮನೆಯನ್ನು ಬಿಟ್ಟಳು. ಶ್ರೀಶೈಲದ ದಾರಿಯ ಗಿಡಮರಗಳನ್ನೂ ಹಕ್ಕಿಗಳನ್ನೂ ಬಿಡಲಿಲ್ಲ, ತನ್ನ ಒಡೆಯನ ಸುಳಿವನ್ನು ಅವುಗಳನ್ನೇ ಕೇಳಿದಳು. ಷಟ್‌ಸ್ಥಲ ಶಾಸ್ತ್ರವು ಇಂದ್ರಿಯಗಳನ್ನು ಕೊಲ್ಲು ಎನ್ನದೆ ಒಂದೊಂದು ಇಂದ್ರಿಯದ ಬಾಗಿಲಿನಲ್ಲಿ ಒಂದೊಂದು ಲಿಂಗವನ್ನು ನಿಲ್ಲಿಸುತ್ತದೆ. ಗಂಧವು ಘ್ರಾಣದಲ್ಲಿರುವ ಆಚಾರಲಿಂಗಕ್ಕೆ, ರಸವು ಜಿಹ್ವೆಯ ಗುರುಲಿಂಗಕ್ಕೆ, ರೂಪವು ನೇತ್ರದ ಶಿವಲಿಂಗಕ್ಕೆ, ಸ್ಪರ್ಶವು ತ್ವಕ್ಕಿನ ಜಂಗಮಲಿಂಗಕ್ಕೆ, ಶಬ್ದವು ಶ್ರೋತ್ರದ ಪ್ರಸಾದಲಿಂಗಕ್ಕೆ, ತೃಪ್ತಿಯು ಹೃದಯದ ಮಹಾಲಿಂಗಕ್ಕೆ. ಹೀಗೆ ಅರ್ಪಿತವಾದ ಮೇಲೆ ಪದಾರ್ಥವು ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ.

ನಮ್ಮ ಪ್ರಶ್ನೆಗೆ ಬೇಕಾದುದು ಇವುಗಳಲ್ಲಿ ಮೂರನೆಯದು. ನೇತ್ರದ ಶಿವಲಿಂಗಕ್ಕೆ ಹೇಳಿರುವ ಭೂತವು ಅಗ್ನಿ. ರೂಪವು ತೇಜಸ್ಸಿನ ಗುಣವಷ್ಟೆ. ಸ್ಥಲವು ಪ್ರಸಾದಿಸ್ಥಲ, ಭಕ್ತಿಯು ಅವಧಾನಭಕ್ತಿ, ಅರ್ಪಿಸುವ ಹಸ್ತವು ನಿರಹಂಕಾರವೆಂಬ ಹಸ್ತ. ಈ ಕೊನೆಯ ಎರಡನ್ನು ಗಮನಿಸಬೇಕು. ಮೂಗಿಗೂ ನಾಲಗೆಗೂ ಹೇಳದ ನಿರಹಂಕಾರವನ್ನು ಕಣ್ಣಿಗೇ ಏಕೆ ಹೇಳಿದರು? ಉಂಡ ಅನ್ನ ಒಳಗೆ ಹೋಗಿ ಮುಗಿಯುತ್ತದೆ. ಕಂಡ ರೂಪ ಮುಗಿಯುವುದಿಲ್ಲ, “ನಾನು ಕಂಡೆ” ಎಂಬ ಆಸ್ತಿಯಾಗಿ ಕುಳಿತುಬಿಡುತ್ತದೆ, ಎಂಬುದೇ ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. ಆ ಪರ್ವತದ ಹೆಸರನ್ನೇ ನೋಡಿರಿ. ಅಲ್ಲಿಯ ಮೂಲನಿವಾಸಿಗಳು ಟಹೋಮಾ ಎಂದು ಕರೆಯುತ್ತಿದ್ದುದನ್ನು 1792ರಲ್ಲಿ ವ್ಯಾಂಕೂವರ್ ಎಂಬ ಆಂಗ್ಲ ನಾವಿಕನು ಹಡಗಿನ ಮೇಲಿಂದ ಕಂಡು, ತನ್ನ ಸ್ನೇಹಿತನಾದ ರೇನಿಯರ್ ಎಂಬ ನೌಕಾಧಿಕಾರಿಯ ಹೆಸರನ್ನು ಇಟ್ಟುಬಿಟ್ಟನು. ಆ ರೇನಿಯರನು ತನ್ನ ಬೆಟ್ಟವನ್ನು ಕಣ್ಣಿನಿಂದ ಕಂಡವನೇ ಅಲ್ಲ. 1794ರಿಂದ 1805ರ ವರೆಗೆ ನಮ್ಮ ದೇಶದ ಸಮುದ್ರಗಳಲ್ಲಿ ಬ್ರಿಟಿಷ್ ನೌಕಾಬಲದ ಅಧಿಪತಿಯಾಗಿದ್ದವನು. ಕಾಣದವನ ಹೆಸರು ಬೆಟ್ಟಕ್ಕೆ ಅಂಟಿ ಇನ್ನೂರು ವರ್ಷಗಳ ಮೇಲಾಯಿತು!

ಈ ಪ್ರಕಾರವಾಗಿ ವಿವರಿಸಿ, “ತಮ್ಮಾ, ಪೂಜೆಯ ಹೊತ್ತಿನಲ್ಲಿ ದೃಷ್ಟಿ ಲಿಂಗದಲ್ಲಿಯೇ ನಿಲ್ಲಬೇಕಾದುದರಿಂದ ಅವ್ವ ಪರದೆ ಎಳೆದದ್ದು ಸರಿ, ನಿರಹಂಕಾರದಿಂದ, ಅವಧಾನದಿಂದ ನೋಡಿದರೆ ನಿನ್ನ ನೋಟವೂ ಅರ್ಪಿತವೇ, ಆದುದರಿಂದ ನೀನು ಹೇಳುವುದೂ ಸರಿ,” ಎಂದೆನು. ಹುಡುಗನು ತಲೆಯಾಡಿಸಿದನು. ಉತ್ತರ ಚೆನ್ನಾಗಿ ಬಂದಿತೆಂದು ನನಗೂ ಸಮಾಧಾನವಾಯಿತು. ಅಷ್ಟರಲ್ಲಿ ದಾರಿಯ ಮಗ್ಗುಲಲ್ಲಿ ಸೊಂಟದೆತ್ತರದ ಒಂದು ಚಪ್ಪಟೆ ಗುಂಡು ಬಂದಿತು. ಅದನ್ನು ಕಂಡು ನಾನು ಸುಮ್ಮನಾದೆನು. ನನ್ನ ಉತ್ತರದ ಟೊಳ್ಳು ಎಲ್ಲಿದೆ ಎಂಬುದು ಆ ಕಲ್ಲಿಗೆ ಗೊತ್ತಿತ್ತು.

ಅನೇಕ ವರ್ಷಗಳ ಹಿಂದಿನ ಮಾತು. ಅಂದು ತರಗತಿಯಲ್ಲಿ ಇದೇ ಪ್ರಸಾದಿಸ್ಥಲವನ್ನು ಪಾಠ ಹೇಳಿ, ಇದೇ ದಾರಿಯಲ್ಲಿ ಬಂದು, ಇದೇ ಕಲ್ಲಿನ ಮುಂದೆ ನಿಂತು ಗುಡ್ಡವನ್ನು ನೋಡುತ್ತಿದ್ದೆನು. ಮೋಡವಿಲ್ಲದ ಸಂಜೆ. ಕಣ್ಣಿನ ಶಿವಲಿಂಗಕ್ಕೆ ಈ ರೂಪವನ್ನು ಅರ್ಪಿಸುತ್ತಿದ್ದೇನೆ ಎಂದು ಮನಸ್ಸಿನಲ್ಲಿ ಸಂಕಲ್ಪವನ್ನೂ ಮಾಡಿಕೊಂಡಿದ್ದೆನು, ಕಪಟವೇನೂ ಇರಲಿಲ್ಲ. ಹಿಂದಿನಿಂದ ಯಾರೋ ಕರೆದಂತಾಯಿತು. ದೂರದ ಗದ್ದೆಯ ಧ್ವನಿಯೆಂದುಕೊಂಡೆನು. ಮತ್ತೆ ಕರೆದಂತಾಯಿತು, ಈ ಹೊತ್ತಿನಲ್ಲಿ ಯಾರಪ್ಪಾ ಎಂದು ಮನಸ್ಸು ಸಣ್ಣಗೆ ಮುನಿಯಿತು, ತಲೆ ತಿರುಗಲಿಲ್ಲ. ಮೂರನೆಯ ಸಲಕ್ಕೆ ಆಡು ಕಾಯುವ ಒಬ್ಬ ಹುಡುಗನು ನನ್ನನ್ನು ದಾಟಿ ಓಡಿದ ಸಪ್ಪಳಕ್ಕೆ ತಿರುಗಿ ನೋಡಿದೆನು. ಒಬ್ಬ ಮುದುಕಿ ತನ್ನ ಕಟ್ಟಿಗೆಯ ಹೊರೆಯನ್ನು ಆ ಕಲ್ಲಿನ ಮೇಲೆ ಇಳಿಸಿ ದಣಿವಾರಿಸಿಕೊಂಡು, ತಿರುಗಿ ತಲೆಗೆ ಏರಿಸಲಾರದೆ ನಿಂತಿದ್ದಾಳೆ. “ಯಪ್ಪಾ, ಹೊರಿ ಒಂದೀಟು ತಲಿಮ್ಯಾಲ ಇಡಪಾ” ಎಂದು ಆಕೆ ಕರೆದದ್ದು ನನ್ನನ್ನೇ. ನನಗೂ ಆಕೆಗೂ ನಡುವೆ ಹತ್ತು ಹೆಜ್ಜೆ ಇರಲಿಲ್ಲ. ಆ ಹುಡುಗನ ಕೈಗೆ ಹೊರೆ ಎಟಕದು. ಕಲ್ಲಿನ ಮೇಲೆ ಹತ್ತಿ ನಿಂತು, ಮೊಣಕಾಲು ಕೊಟ್ಟು ನೂಕಿ, ಅಂತೂ ಏರಿಸಿದನು.

ಆಕೆ ನನ್ನನ್ನು ಬೈದಿದ್ದರೆ ಆ ಸಂಜೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಹೊರೆಯನ್ನು ಹೊತ್ತು ನನ್ನ ಮುಂದೆ ಹಾಯುವಾಗ, “ಗುಡ್ಡಾ ನೋಡಾಕ ಹತ್ತಿದ್ರೇನ್ರಿ ಮಾಸ್ತರ? ನಾನೂ ದಿನಾ ನೋಡ್ತೀನ್ರಿ. ಆ ಮ್ಯಾಲಿನ ಗುಂಡು ಕೆಂಪಗಾತಂದ್ರ ನನಗ ಮನಿ ಹಾದಿ ಹಿಡಿಯೂ ಹೊತ್ತು,” ಎಂದು ಹೇಳಿ ಹೋದಳು.

ಈ ಮಾತನ್ನು ನಾನು ಎಷ್ಟೋ ರಾತ್ರಿ ಎಣಿಸಿದ್ದೇನೆ. ಗುಡ್ಡವನ್ನು ನೋಡಿ ಮೆಚ್ಚುವುದು ಓದಿದವರ, ಬಿಡುವಿದ್ದವರ ಭಾಗ್ಯವೆಂದೂ ಹೊರೆ ಹೊರುವವರಿಗೆ ಅದು ಕಾಣದೆಂದೂ ನಾನು ಒಳಗೊಳಗೆ ತಿಳಿದಿದ್ದೆನೆಂಬುದು ಆ ಹೊತ್ತಿಗೆ ಗೊತ್ತಾಯಿತು. ನಾನು ಕಂಡ ಗುಂಡನ್ನೇ ಆಕೆಯೂ ಕಂಡಿದ್ದಳು, ದಿನದಿನವೂ ಕಂಡಿದ್ದಳು; ಆಕೆಯ ನೋಟದಲ್ಲಿ ಕಾಯಕದ ಹೊತ್ತೂ ಮನೆಯ ಹಾದಿಯೂ ಸೇರಿದ್ದುವು. ನನ್ನ ನೋಟದಲ್ಲಿ ನಾನೊಬ್ಬನೇ ಇದ್ದೆನು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ನೇತ್ರದ ಬಾಗಿಲಲ್ಲಿ ದೊಡ್ಡ ಅರ್ಪಣ ನಡೆದಿತ್ತು; ಶ್ರೋತ್ರದ ಬಾಗಿಲಿಗೆ ಶಬ್ದವು ಮೂರು ಸಲ ಬಂದು ಹೊರಗೇ ನಿಂತಿತ್ತು. ಅವಧಾನವೆಂದರೆ ಒಂದರಲ್ಲಿ ಮುಳುಗಿ ಮಿಕ್ಕುದನ್ನು ಮರೆಯುವುದೆಂದು ನಾನು ಬಗೆದಿದ್ದೆನು. ಅದು ಅವಧಾನವಲ್ಲ, ಅಮಲು. ಮೈಯೆಲ್ಲ ಎಚ್ಚರವಾಗಿರುವುದೇ ಅವಧಾನವಾದರೆ, ಬೆಟ್ಟವನ್ನು ನೋಡುವವನಿಗೆ ಬೆನ್ನ ಹಿಂದಿನ ಉಸಿರೂ ಕೇಳಬೇಕು. ಸ್ಥಾವರ ಜಂಗಮಗಳ ಭೇದವನ್ನು ವರ್ಷವರ್ಷವೂ ಮಕ್ಕಳಿಗೆ ಉಪನ್ಯಾಸ ಮಾಡಿದವನು ನಾನು. ಸ್ಥಾವರ ಎದುರಿಗಿತ್ತು, ಜಂಗಮ ಬೆನ್ನಿಗಿತ್ತು, ನನ್ನ ಮುಖ ಯಾವ ಕಡೆಗಿತ್ತೆಂಬುದನ್ನು ವಾಚಕರು ನೋಡಿದ್ದಾರೆ. ಮಾರನೆಯ ದಿನದಿಂದ ಬಹಳ ದಿನ ಆ ದಾರಿಯಲ್ಲಿ ಕಾದು ನಿಂತೆನು. ಆಕೆ ಸಿಕ್ಕಳು, ಹೊರೆಯನ್ನು ಏರಿಸಿಕೊಟ್ಟೆನು. ಆದರೆ ಕಾದು ನಿಂತು ಮಾಡಿದ ಸಹಾಯಕ್ಕೆ ಕೇಳಿದಾಗ ಕೊಡದೆ ಹೋದುದನ್ನು ಅಳಿಸುವ ಶಕ್ತಿಯಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಮಾತಾಡದೆ, ಆಮೇಲೆ ತಾನು ಮೊದಲು ಹೇಳದೆ ಬಿಟ್ಟಿದ್ದ ಒಂದು ಸಂಗತಿಯನ್ನು ತೆಗೆದನು.

ಆ ರೇನಿಯರ್ ಪರ್ವತವು ಅಗ್ನಿಪರ್ವತ. ನಮ್ಮ ಈ ಗುಡ್ಡಗಳೂ ಬೆಂಕಿಯಿಂದ ಹುಟ್ಟಿದವೇ; ಆದರೆ ಭೂಮಿಯ ಹೊಟ್ಟೆಯಲ್ಲಿ ಕರಗಿದ್ದ ಕಲ್ಲು ಮೇಲಕ್ಕೆ ಬಾರದೆ ಒಳಗೇ ತಣಿದು ಗಟ್ಟಿಯಾದುದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಮೇಲಿನ ಹೊದಿಕೆ ಸವೆದು ಇವು ಹೊರಬಿದ್ದವು. ಮಳೆ ಬಿಸಿಲುಗಳು ಮೂಲೆಗಳನ್ನು ತಿಂದು ಗುಂಡು ಮಾಡಿದವು. ಇವುಗಳಿಂದ ಯಾರಿಗೂ ಭಯವಿಲ್ಲ. ಆ ಪರ್ವತ ಹಾಗಲ್ಲ; ಹಿಮದ ಕೆಳಗೆ ಇನ್ನೂ ಬಿಸಿ ಇದೆ. ಹುಡುಗನು ಇರುವ ಆರ್ಟಿಂಗ್ ಎಂಬ ಊರು ಅದರ ಕಣಿವೆಯಲ್ಲಿ, ಸುಮಾರು 500 ವರ್ಷಗಳ ಹಿಂದೆ ಬೆಟ್ಟದ ಒಂದು ಪಕ್ಕೆ ಕುಸಿದು ಹರಿದುಬಂದ ಕೆಸರಿನ ಮೇಲೆಯೇ ನಿಂತಿದೆ. ನೆಲವನ್ನು ತೋಡುವಾಗ ಆ ಕೆಸರಿನಲ್ಲಿ ಹೂತುಹೋದ ದೊಡ್ಡ ಮರಗಳ ಬೊಡ್ಡೆಗಳು ಸಿಕ್ಕಿವೆ. ಮತ್ತೆ ಹಾಗೆ ಬಂದರೆ ಊರು ಬಿಟ್ಟು ದಿಬ್ಬ ಹತ್ತಲು ಸಿಕ್ಕುವುದು ಹೆಚ್ಚೆಂದರೆ ಒಂದು ಗಂಟೆಯ ಹೊತ್ತು. ಅದಕ್ಕಾಗಿ ನದಿಯ ಮೇಲುಭಾಗದಲ್ಲಿ ನೆಲದ ನಡುಕವನ್ನು ಅರಿಯುವ ಯಂತ್ರಗಳನ್ನೂ ಊರಿನಲ್ಲಿ ಕೂಗುವ ಸೈರನ್ನುಗಳನ್ನೂ ಇಟ್ಟಿದ್ದಾರೆ. ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಎತ್ತರದ ನೆಲಕ್ಕೆ ಹೋಗುವ ಅಭ್ಯಾಸವನ್ನು ಮಾಸ್ತರರು ಮಾಡಿಸುತ್ತಾರಂತೆ. ಇದನ್ನು ಕೇಳಿ ನನಗೆ ಆ ಮಾಸ್ತರರ ಮೇಲೆ ಬಹಳ ಗೌರವವುಂಟಾಯಿತು.

ಇದು ಬರಿಯ ಅಂಜಿಕೆಯಲ್ಲ. ದಕ್ಷಿಣ ಅಮೇರಿಕೆಯ ಕೊಲಂಬಿಯಾ ದೇಶದಲ್ಲಿ ನೆವಾಡೊ ದೆಲ್ ರೂಯಿಸ್ ಎಂಬ ಹಿಮಾಚ್ಛಾದಿತ ಅಗ್ನಿಪರ್ವತವಿದೆ. 1985ನೆಯ ನವೆಂಬರ್ 13ರ ರಾತ್ರಿ ಅದು ಸಿಡಿಯಿತು. ದೊಡ್ಡ ಸಿಡಿತವೂ ಅಲ್ಲ. ನೆತ್ತಿಯ ಹಿಮದ ಹತ್ತನೆಯ ಒಂದು ಪಾಲು ಕರಗಿತಷ್ಟೆ. ಆ ನೀರು ಬೂದಿಯನ್ನೂ ಮಣ್ಣನ್ನೂ ಕಲ್ಲನ್ನೂ ಕೂಡಿಸಿಕೊಂಡು ಕೆಸರಿನ ಹೊಳೆಯಾಗಿ ಇಳಿದು, ಎರಡೂವರೆ ಗಂಟೆಯ ತರುವಾಯ ಆರ್ಮೇರೋ ಎಂಬ ಪಟ್ಟಣವನ್ನು ಮುಚ್ಚಿತು. ಸತ್ತವರು ಸುಮಾರು 23,000 ಜನ. ಅಪಾಯದ ನಕ್ಷೆಯನ್ನು ವಿಜ್ಞಾನಿಗಳು ಮೊದಲೇ ಸಿದ್ಧಪಡಿಸಿದ್ದರು; ಅಂದು ಮಧ್ಯಾಹ್ನವೇ ಊರಿನ ಮೇಲೆ ಬೂದಿ ಉದುರಿತ್ತು; ಆದರೂ ಜನರಿಗೆ ಮನೆಯಲ್ಲಿಯೇ ಶಾಂತವಾಗಿರಿ ಎಂದು ಹೇಳಲಾಯಿತು. ದೂರದಿಂದ ನೋಡುವವರಿಗೆ ಕಣ್ಣಿನ ಹಬ್ಬವಾಗಿದ್ದ ಹಿಮವೇ ಬುಡದಲ್ಲಿದ್ದವರ ಮೃತ್ಯುವಾಯಿತು. ಎರಡೂವರೆ ಗಂಟೆಯೆಂದರೆ ಎದ್ದು ನಡೆದರೂ ದಿಬ್ಬವನ್ನು ಹತ್ತಬಹುದಾದ ಕಾಲ. ಕರೆ ಬಂದಿತ್ತು, ಕೇಳತಕ್ಕವರು ಕೇಳಲಿಲ್ಲ. ಆ ಕೇಳದಿರುವಿಕೆಯ ಜಾತಿ ಯಾವುದೆಂದು ನನಗೆ ಗೊತ್ತಿದೆ. ನಾನು ಮಾಡಿದ್ದು ಅತ್ಯಂತ ಸಣ್ಣ ಪ್ರಮಾಣದ್ದು, ಅಷ್ಟೇ ಅಂತರ.

ಹುಡುಗನು ಹೇಳಿದ ಸಂಗತಿ ಇದು. ತಾಯಿ ಹೋದ ಹೊಸದರಲ್ಲಿ ಒಂದು ದಿನ ಪರೀಕ್ಷೆಗಾಗಿ ಸೈರನ್ನು ಕೂಗಿತು. ಅದೇನೆಂದು ಕೇಳಿದಳು. ಇವನು ಬೆಟ್ಟದ ವಿಚಾರವನ್ನೂ ಕೆಸರಿನ ವಿಚಾರವನ್ನೂ ವಿವರಿಸಿ, ಹೆದರಬೇಡ, ನಮ್ಮ ಕಾರು ಬಾಗಿಲಲ್ಲಿಯೇ ಇದೆ ಎಂದನು. ಆಕೆ ಹೆದರಲಿಲ್ಲ. ಮಗ್ಗುಲ ಮನೆಯ ಕಡೆಗೆ ನೋಡಿ, “ಮತ್ತ ಆ ಮುದುಕೀನ್ನ ಯಾರು ಕರಕೊಂಡು ಹೋಗ್ತಾರ?” ಎಂದು ಕೇಳಿದಳು. ಆ ಮನೆಯಲ್ಲಿ ನಾಲ್ಕು ಕಾಲಿನ ಊರುಗೋಲನ್ನು ಹಿಡಿದು ನಡೆಯುವ ಒಬ್ಬ ಒಂಟಿ ವೃದ್ಧೆ ಇದ್ದಾಳೆ. ಇವನು ನಾಲ್ಕು ವರ್ಷಗಳಿಂದ ಆಕೆಗೆ ಕೈ ಬೀಸಿ ಬಲ್ಲನೇ ಹೊರತು ಹೆಸರನ್ನೂ ಅರಿಯನು. “ನಾ ನಾಲ್ಕು ವರ್ಷ ಆ ಬೆಟ್ಟ ನೋಡೀನ್ರಿ ಸರ. ಅವ್ವ ಪರದೆ ಹಾಕಿಕೊಂಡು ಕುಂತಾಕಿ. ಈ ಮಾತು ನನಗ ಹೊಳೀಲಿಲ್ಲ,” ಎಂದನು.

ನಾನು ಆಗಲೇ ಕೊಟ್ಟ ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಶಾಸ್ತ್ರದ ಮಟ್ಟಿಗೆ ಅದು ಸರಿಯೇ ಇದೆ. ಆದರೆ ಯಾರದು ಖರೆ ಎಂಬ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಕತ್ತಲಾಗಿತ್ತು, ಊರಿನ ಕಡೆಗೆ ತಿರುಗಿದೆವು.

ಹೋದ ತಿಂಗಳು ಅವನಿಂದ ಫೋನು ಬಂದಿತ್ತು. ಒಂದು ಸಂಜೆ ಆಫೀಸಿನಿಂದ ಬೇಗ ಮನೆಗೆ ಬಂದಾಗ ತಾಯಿ ಒಳಗಿರಲಿಲ್ಲವಂತೆ. ನೋಡಿದರೆ ಆ ವೃದ್ಧೆಯೊಡನೆ ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದಾಳೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮನೆಯ ಬಾಗಿಲಿನಿಂದ ದಿಬ್ಬದ ರಸ್ತೆ ಹುಟ್ಟುವ ತಿರುವಿನ ವರೆಗೆ ಆ ಊರುಗೋಲಿನ ನಡೆಗೆ ಎಷ್ಟು ಹೊತ್ತು ಬೇಕೆಂಬುದನ್ನು ಈಕೆ ಗಡಿಯಾರ ಹಿಡಿದು ನೋಡುತ್ತಿದ್ದಳು, ಇಪ್ಪತ್ತೆರಡು ನಿಮಿಷವಾಯಿತಂತೆ. ಅಂದು ಬೆಟ್ಟ ಹೊರಗೆ ಬಂದಿತ್ತು. ತಿರುವಿನಲ್ಲಿ ವೃದ್ಧೆ ದಣಿದು ನಿಂತು ಕೈಯೆತ್ತಿ ತೋರಿಸಿದಳು. ಇಬ್ಬರೂ ಅದರ ಕೆಂಪು ಆರುವ ವರೆಗೆ ನಿಂತು ನೋಡಿದರು. ಆಮೇಲೆ ತಾಯಿ ಆಕೆಯನ್ನು ಮನೆಗೆ ಮುಟ್ಟಿಸಿ ಬಂದು, ಕೈಕಾಲು ತೊಳೆದು ವಿಭೂತಿ ಧರಿಸಿ, ಪರದೆ ಎಳೆದು ಪೂಜೆಗೆ ಕುಳಿತಳಂತೆ.